ಆರು ದಾಟಿದ ಮೇಲೆ ಮಾಂಟೆಸ್ಸರಿ

ಶಿವಮೊಗ್ಗದಿಂದ ತಾಯಿಯೊಬ್ಬರು ಬರೆದಿದ್ದಾರೆ: 'ನನ್ನ ಮಗಳು ಮಾಂಟೆಸ್ಸರಿ ಶಾಲೆಯಲ್ಲಿ ಎರಡನೇ ಕ್ಲಾಸು. ಚಿಕ್ಕವಳಿದ್ದಾಗ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿಡುತ್ತಿದ್ದಳು. ಈಗ ಸಾಮಾನೆಲ್ಲ ಹರಡಿರುತ್ತಾಳೆ, ಎಲ್ಲದಕ್ಕೂ ವಾದ. ಪರೀಕ್ಷೆಯೂ ಇಲ್ಲ. ಪಕ್ಕದ ಮನೆ ಹುಡುಗ ಇಪ್ಪತ್ತರ ಮಗ್ಗಿ ಹೇಳುತ್ತಾನೆ. ಶಾಲೆ ಬದಲಿಸಲೇ?'

ಮೊದಲು ಆ ವಾದದ ವಿಷಯ. ಅದು ಶಾಲೆಯ ತಪ್ಪಲ್ಲ, ವಯಸ್ಸಿನದು. ಹಾಲುಹಲ್ಲು ಬೀಳುವ ಹೊತ್ತಿಗೆ ಮಗುವಿನ ಮನಸ್ಸೂ ಬದಲಾಗುತ್ತದೆ ಎಂದು ಈ ಪದ್ಧತಿ ರೂಪಿಸಿದ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ ಗುರುತಿಸಿದ್ದರು. ಅಚ್ಚುಕಟ್ಟಿನ ಮೇಲಿದ್ದ ಪ್ರೀತಿ ಹೋಗುತ್ತದೆ. ಗೆಳೆಯರ ಗುಂಪು ಬೇಕು. 'ಅವನಿಗೆ ಜಾಸ್ತಿ ಯಾಕೆ ಕೊಟ್ರಿ?' ಅಂತ ನ್ಯಾಯ ಕೇಳುವುದು ಶುರು. ನಿಮ್ಮ ಮನೆಯಲ್ಲೂ ಇದೇ ನಡೆಯುತ್ತಿದೆ, ಅಲ್ವಾ?

ಅದಕ್ಕೇ ಆರರಿಂದ ಒಂಬತ್ತರ ಮಕ್ಕಳ ತರಗತಿ ಬೇರೆ ಥರ ಇರುತ್ತದೆ. ಇದರ ಬೇರು ನಮ್ಮ ಪಕ್ಕದಲ್ಲೇ ಇದೆ. ಮಾಂಟೆಸ್ಸರಿ 1939ರಲ್ಲಿ ತರಬೇತಿ ಕೊಡಲು ಮದರಾಸಿನ ಅಡ್ಯಾರ್‌ಗೆ ಬಂದರು. ಮುಂದಿನ ವರ್ಷ ಇಟಲಿ, ಆಗ ನಮ್ಮನ್ನಾಳುತ್ತಿದ್ದ ಬ್ರಿಟಿಷರ ವಿರುದ್ಧ ಯುದ್ಧಕ್ಕಿಳಿಯಿತು. ಇಟಲಿಯವರಾದ ಅವರು ಇಲ್ಲೇ ಉಳಿಯಬೇಕಾಯಿತು. ಮಗ ಮಾರಿಯೊ ಜೊತೆ ಕೊಡೈಕೆನಾಲಿನಲ್ಲಿದ್ದಾಗ ಆರು ದಾಟಿದ ಮಕ್ಕಳ ಕಲಿಕೆಯನ್ನು ಬಹಳಷ್ಟು ಬೆಳೆಸಿದರು. ಈ ವಯಸ್ಸಿನವರಿಗೆ ಮೊದಲು ಇಡೀ ವಿಶ್ವದ ಕಥೆ. ಆಮೇಲೆ ಜೀವಿಗಳು, ಮನುಷ್ಯ, ಅಕ್ಷರ, ಅಂಕಿ. ಕಥೆ ಕೇಳಿದ ಮಗು ತನಗೆ ಕುತೂಹಲ ಹುಟ್ಟಿದ ಕಡೆ ಹುಡುಕಿಕೊಂಡು ಹೋಗುತ್ತದೆ.

ಇನ್ನು ಲೆಕ್ಕ. 3,642ನ್ನು ಮೂವರಿಗೆ ಹಂಚಬೇಕು ಅಂದುಕೊಳ್ಳಿ. ಮಕ್ಕಳು ಮಣಿಗಳನ್ನು ತರುತ್ತಾರೆ. ಸಾವಿರಕ್ಕೆ ಘನ, ನೂರಕ್ಕೆ ಚೌಕ, ಹತ್ತಕ್ಕೆ ಕಡ್ಡಿ, ಬಿಡಿಗೆ ಒಂಟಿ ಮಣಿ. ಒಬ್ಬೊಬ್ಬರಿಗೆ ಒಂದು ಸಾವಿರ, ಎರಡು ನೂರು, ಒಂದು ಹತ್ತು. ಇನ್ನೊಂದು ಹತ್ತರ ಕಡ್ಡಿ ಉಳಿಯಿತು. ಅದನ್ನು ಕೊಟ್ಟು ಹತ್ತು ಬಿಡಿ ಮಣಿ ತರುತ್ತಾರೆ. ಈಗ ಹನ್ನೆರಡು ಬಿಡಿ, ತಲೆಗೆ ನಾಲ್ಕು. ಉತ್ತರ 1,214. ನಾವೆಲ್ಲ ದಶಕ ಇಳಿಸಿದ್ದು ಕಣ್ಣು ಮುಚ್ಚಿಕೊಂಡೇ. ಇಲ್ಲಿ ಅದು ಕೈಗೇ ಸಿಗುತ್ತದೆ. ಹಾಗಂತ ಮಗ್ಗಿ ಬಿಟ್ಟುಬಿಡಿ ಎಂದು ಯಾರೂ ಹೇಳಿಲ್ಲ. ಬಾಯಿಪಾಠಕ್ಕೂ ಈ ಪದ್ಧತಿಯಲ್ಲಿ ಮಣಿಸರ, ಕೋಷ್ಟಕಗಳಿವೆ. ಮೂರನೇ ಕ್ಲಾಸು ಮುಗಿಯುತ್ತಾ ಬಂದರೂ ಮಗ್ಗಿ ಬರದಿದ್ದರೆ ಟೀಚರನ್ನು ಕೇಳಲೇಬೇಕು.

ನನ್ನ ನಿಜವಾದ ಅನುಮಾನ ಬೇರೆ. ಬೋರ್ಡಿನ ಮೇಲೆ 'ಮಾಂಟೆಸ್ಸರಿ' ಎಂದು ಬರೆಸಲು ಯಾರ ಒಪ್ಪಿಗೆಯೂ ಬೇಕಿಲ್ಲ. ಎಲ್‌ಕೆಜಿಗೆ ಮಣಿ ಕೊಟ್ಟು, ಒಂದನೇ ಕ್ಲಾಸಿಗೆ ಬೆಂಚು ಹಾಕಿ, ಹೆಸರನ್ನು ಮಾತ್ರ ಹಾಗೇ ಇಟ್ಟುಕೊಳ್ಳುವ ಶಾಲೆಗಳಿವೆ. ಅನುಮತಿ ಕೇಳಿ ಒಂದು ಬೆಳಿಗ್ಗೆ ಸುಮ್ನೆ ಮೂಲೆಯಲ್ಲಿ ಕೂತು ನೋಡಿ. ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗಿದ್ದಾರಾ? ಸುಮಾರು ಮೂರು ತಾಸು ನಡುವೆ ಬೆಲ್ ಬಾರಿಸದೆ ಕೆಲಸ ಮಾಡಲು ಬಿಡುತ್ತಾರಾ? ಯಾವ ಮಗು ಏನು ಕಲಿತಿತು ಅಂತ ಟೀಚರ್ ಬರೆದಿಡುತ್ತಾರಾ? ಕೊನೆಯದಕ್ಕೆ ಉತ್ತರ ಹೌದು ಎಂದಾದರೆ ಪರೀಕ್ಷೆ ಇಲ್ಲ ಎಂಬ ಚಿಂತೆ ಬೇಡ. ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿ ಎಂದರೆ ಗಾಬರಿಯೂ ಬೇಡ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲೂ ಬೇರೆ ಬೇರೆ ತರಗತಿಯವರು ಒಟ್ಟಿಗೇ ಕಲಿತಿದ್ದಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು ಅದು.

ಇವೆಲ್ಲ ಕಂಡರೆ ಮೂರನೇ ಕ್ಲಾಸು ಮುಗಿಯುವವರೆಗೆ ಕದಲಿಸಬೇಡಿ. ಗುಂಪಿನಲ್ಲಿ ದೊಡ್ಡವಳಾಗಿ ಚಿಕ್ಕವರಿಗೆ ಹೇಳಿಕೊಡುವ ವರ್ಷ ಅದು, ಅದನ್ನು ತಪ್ಪಿಸುವುದು ನಷ್ಟ. ಕಾಣದಿದ್ದರೆ ಈ ಬೇಸಿಗೆಯಲ್ಲೇ ಬದಲಿಸಿ. ಎರಡರಲ್ಲಿ ಯಾವುದಾದರೂ ಸರಿ, ಬದಲಿಸುವ ಮುಂಚಿನ ಕೆಲವು ತಿಂಗಳು ಪುಸ್ತಕ ನೋಡಿ ಲೆಕ್ಕ ಮಾಡುವುದನ್ನು, ಸಮಯಕ್ಕೆ ಸರಿಯಾಗಿ ಬರೆದು ಮುಗಿಸುವುದನ್ನು ಮನೆಯಲ್ಲಿ ರೂಢಿ ಮಾಡಿಸಿ.