ಪಕ್ಕದ ಮನೆ ಮಗುವಿಗೆ ಇಲ್ಲದ ಬಿಸಿಜಿ ನಮ್ಮ ಮೊಮ್ಮಗನಿಗೆ ಯಾಕೆ?

ಆಳಂದದ ಹಿರಿಯ ಓದುಗರೊಬ್ಬರ ಪತ್ರ ಬಂದಿದೆ. ಮಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾಳೆ. ಅಲ್ಲಿ ಹುಟ್ಟಿದ ಮೊಮ್ಮಗನಿಗೆ ಟಿಬಿ (ಕ್ಷಯ) ವಿರುದ್ಧದ ಬಿಸಿಜಿ ಲಸಿಕೆ ಹಾಕಿಸಿ ಎಂದರಂತೆ, ಪಕ್ಕದ ಮನೆಯ ಇಂಗ್ಲಿಷ್ ದಂಪತಿಯ ಮಗುವಿಗೆ ಹೇಳಲೇ ಇಲ್ಲವಂತೆ. "ನಮ್ಮವರೆಂದರೆ ರೋಗಿಷ್ಟರು ಅಂತ ತಾನೆ? ಅವರು ಬಿಟ್ಟ ಲಸಿಕೆಯನ್ನು ನಮ್ಮ ಕಡೆ ಇನ್ನೂ ಯಾಕೆ ಚುಚ್ಚುತ್ತಾರೆ?" ಎಂದು ಕೇಳಿದ್ದಾರೆ. ಕೊನೆಗೆ, ಸಂಕ್ರಾಂತಿಗೆ ಮಗು ಊರಿಗೆ ಬರುತ್ತಿದೆ, ತಮ್ಮ ಅಣ್ಣನಿಗೆ ಮಾತ್ರ ಒಂದು ತಿಂಗಳಿಂದ ಕೆಮ್ಮು ಬಿಟ್ಟಿಲ್ಲ ಎಂದೂ ಬರೆದಿದ್ದಾರೆ.

ಸರ್, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಆ ಲಸಿಕೆಗೆ ಕಾರಣ ನೀವೇ! ವರ್ಷಕ್ಕೆ ಲಕ್ಷ ಜನರಲ್ಲಿ 40 ಅಥವಾ ಅದಕ್ಕಿಂತ ಜಾಸ್ತಿ ಮಂದಿಗೆ ಟಿಬಿ ಬರುವ ದೇಶದಲ್ಲಿ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಯಾರೇ ಒಬ್ಬರು ಹುಟ್ಟಿದ್ದರೂ ಮಗುವಿಗೆ ಬಿಸಿಜಿ ಕೊಡಬೇಕು ಅನ್ನೋದು ಅಲ್ಲಿನ ನಿಯಮ. ನಮ್ಮ ದೇಶದಲ್ಲಿ ಅದು 190ರ ಆಸುಪಾಸು, ಇಂಗ್ಲೆಂಡಿನಲ್ಲಿ 10ಕ್ಕಿಂತ ಕಡಿಮೆ. ಮಗು ಅಜ್ಜನ ಊರಿಗೆ ಬರುತ್ತೆ, ಅಜ್ಜನ ಊರಿನವರು ಅಲ್ಲಿಗೆ ಹೋಗಿ ತೊಡೆ ಮೇಲೆ ಕೂರಿಸಿಕೊಳ್ತಾರೆ, ಅಲ್ವಾ? ಅಷ್ಟೇ ಲೆಕ್ಕ.

ಇಂಗ್ಲೆಂಡಿನವರೂ 1953ರಿಂದ ಶಾಲೆ ಮಕ್ಕಳಿಗೆಲ್ಲ ಹಾಕುತ್ತಿದ್ದರು, 2005ರಲ್ಲಿ ನಿಲ್ಲಿಸಿದರು. ಸ್ವೀಡನ್ 1975ರಲ್ಲೇ ಎಲ್ಲರಿಗೂ ಹಾಕುವುದನ್ನು ಬಿಟ್ಟಿತ್ತು. ಲಸಿಕೆ ಕೆಟ್ಟದ್ದೆಂದು ಬಿಟ್ಟಿದ್ದಲ್ಲ. ಬಿಸಿಜಿಯಲ್ಲಿರುವುದು ಜೀವಂತ ರೋಗಾಣು, ಬಲ ಕುಂದಿಸಿದ್ದು. ಹುಟ್ಟುವಾಗಲೇ ರೋಗನಿರೋಧಕ ಶಕ್ತಿ ಇಲ್ಲದ ಅಪರೂಪದ ಮಗುವಿಗೆ ಅದೇ ಮೈಯೆಲ್ಲ ಹರಡಬಹುದು. ಟಿಬಿಯೇ ಅಪರೂಪವಾದ ಕಡೆ ಆ ಸಣ್ಣ ಅಪಾಯವೂ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಇಂಗ್ಲೆಂಡಿನಲ್ಲಿ ಈಗ 28 ದಿನ ಕಾದು, ರಕ್ತಪರೀಕ್ಷೆಯ ಫಲಿತಾಂಶ ನೋಡಿ ಚುಚ್ಚುತ್ತಾರೆ.

ನಮ್ಮ ಕಲಬುರಗಿಯಲ್ಲಿ ಕಾಯುವ ಹಾಗಿಲ್ಲ, ಹುಟ್ಟಿದ ಕೂಡಲೇ ಎಡ ತೋಳಿಗೆ ಹಾಕುತ್ತಾರೆ. ಕೆಲವು ವಾರಕ್ಕೆ ಅಲ್ಲಿ ಸಣ್ಣ ಗುಳ್ಳೆ ಎದ್ದು, ಕೀವಾಗಿ, ಒಣಗಿ, ಕಲೆ ಉಳಿಯುತ್ತದೆ. ನನ್ನ ತೋಳಿನಲ್ಲೂ ಇದೆ, ಹೆಸರುಕಾಳಿನಷ್ಟು. ಗುಳ್ಳೆ ನೋಡಿ ಗಾಬರಿಯಾಗಿ ಅರಿಶಿನ ಮೆತ್ತಬೇಡಿ, ತಾನೇ ವಾಸಿಯಾಗುತ್ತದೆ.

ಇನ್ನು, ಬಿಸಿಜಿ ಏನನ್ನು ತಡೆಯುತ್ತದೆ? ತಮಿಳುನಾಡಿನ ಚೆಂಗಲ್ಪಟ್ಟುವಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಪ್ರಯೋಗದಲ್ಲಿ ಅದು ದೊಡ್ಡವರ ಶ್ವಾಸಕೋಶದ ಟಿಬಿಯನ್ನು ತಡೆಯಲಿಲ್ಲ. ಆದರೆ ಪುಟ್ಟ ಮಕ್ಕಳಿಗೆ ಮಿದುಳಿನ ಪೊರೆಗೆ ತಗಲುವ ಟಿಬಿಯಿಂದ, ರಕ್ತದಲ್ಲಿ ಮೈಯೆಲ್ಲ ಹರಡುವ ಟಿಬಿಯಿಂದ ಒಳ್ಳೆಯ ರಕ್ಷಣೆ ಕೊಡುತ್ತದೆ. ಮಿದುಳಿನ ಟಿಬಿ ಬಂದ ಮಗು ಬದುಕಿದರೂ ಕಿವಿ, ಕಣ್ಣು, ಕೈಕಾಲಿನ ಶಕ್ತಿ ಕಳೆದುಕೊಳ್ಳಬಹುದು. ಹಾಗಾಗಿ ಮಗಳಿಗೆ ಹೇಳಿ, ಸುಮ್ನೆ ಹಾಕಿಸಿಬಿಡಲಿ.

ಆದರೆ ಸರ್, ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಆ ಕೊನೆಯ ಸಾಲು. ಮಕ್ಕಳಿಗೆ ಟಿಬಿ ಬರುವುದು ಹೆಚ್ಚಾಗಿ ಮನೆಯಲ್ಲಿ ಕೆಮ್ಮುವ ದೊಡ್ಡವರಿಂದ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಔಷಧಿಗೂ ದುಡ್ಡಿಲ್ಲ. ಟಿಬಿ ಅಂತ ಬಂದರೆ ಮನೆಯವರೆಲ್ಲರೂ ತೋರಿಸಿಕೊಳ್ಳಬೇಕು. ಐದು ವರ್ಷದೊಳಗಿನ ಮಕ್ಕಳಿದ್ದರೆ, ರೋಗ ಇಲ್ಲ ಎಂದಾದ ಮೇಲೂ ಬಾರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಬಿಸಿಜಿ ಹಾಕಿಸಿದ್ದರೂ ಇದು ತಪ್ಪುವುದಿಲ್ಲ.

ಅಣ್ಣನವರನ್ನು ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ. ಫಲಿತಾಂಶ ಬಂದ ಮೇಲೆ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂ.