ಫೆತಿಯೆಯಲ್ಲಿ ಯಾವ ತೀರವನ್ನು ಬಿಡಬೇಕು ಎಂಬುದಕ್ಕಿಂತ ಯಾವ ನೀರಿಗೆ ಇಳಿಯಬೇಕು ಎಂಬುದು ಮುಖ್ಯ

ಟರ್ಕಿಯ ಕರಾವಳಿಯ ಊರಾದ ಫೆತಿಯೆಯ ಸುತ್ತಲಿನ ಕಡಲತೀರಗಳಾದ ಓಲುದೆನಿಜ್, ಚಿಟ್ಟೆ ಕಣಿವೆ, ಪತಾರಾ, ಇಜ್ತುಜು ಎಲ್ಲವನ್ನೂ ನಾಲ್ಕು ದಿನಗಳಲ್ಲಿ ನೋಡಬಹುದೇ, ಅರವತ್ತೈದು ದಾಟಿದ ತಂದೆ-ತಾಯಿ ಜೊತೆಗಿರುವುದರಿಂದ ಯಾವುದನ್ನು ಬಿಡಬೇಕು ಎಂದು ಕೇಳಿದ್ದೀರಿ. 2022ರ ಸೆಪ್ಟೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಟರ್ಕಿಗೆ ಹೊರಟಾಗ ನಾನು ಬರೆದಿಟ್ಟುಕೊಂಡ ಪಟ್ಟಿಯೂ ಇದೇ ಆಗಿತ್ತು. ಅದರಲ್ಲಿ ನಮಗೆ ದಕ್ಕಿದ್ದು ಓಲುದೆನಿಜ್ ಒಂದೇ.

ನಾವು ಮಲ್ಪೆಯ ಕಡೆಯವರು. ಅಮ್ಮ ಹುಟ್ಟಿದಾಗಿನಿಂದ ಕಡಲನ್ನು ನೋಡುತ್ತಾ ಬೆಳೆದವರಾದ್ದರಿಂದ ನೀರಿನ ವಿಷಯದಲ್ಲಿ ಅವರಿಗೆ ಏನನ್ನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ನಂಬಿದ್ದೆ. ಮೊದಲ ದಿನ ಬೆಳಿಗ್ಗೆ ಕಾಯಾಕೋಯ್‌ಗೆ ಹೋದೆವು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಮಾಡಿಕೊಂಡ ಜನವಿನಿಮಯದಲ್ಲಿ ಗ್ರೀಕ್ ಕ್ರೈಸ್ತರು ಬಿಟ್ಟುಹೋದ ಊರು ಅದು. ಸೂರಿಲ್ಲದ ನೂರಾರು ಕಲ್ಲಿನ ಮನೆಗಳು ಗುಡ್ಡದ ತುಂಬ ನಿಂತಿವೆ. ಅಮ್ಮ ಒಂದು ಮನೆಯ ಒಲೆಯ ಗೂಡಿನ ಮುಂದೆ ಬಹಳ ಹೊತ್ತು ನಿಂತುಬಿಟ್ಟರು. ಹಾಗಾಗಿ ಅಲ್ಲಿನವರು ದೊಲ್ಮುಶ್ ಎಂದು ಕರೆಯುವ ಮಿನಿ ಬಸ್ಸು ಹಿಡಿದು ಓಲುದೆನಿಜ್ ತಲುಪುವಾಗ ಮಧ್ಯಾಹ್ನ ಎರಡು ದಾಟಿತ್ತು.

ನನ್ನ ತಪ್ಪು ಅಲ್ಲಿಂದ ಶುರುವಾಯಿತು. ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ತಪ್ಪಿನ ಬೀಜ ಕಾಣುತ್ತಿದೆ.

ಓಲುದೆನಿಜ್ ಎಂದರೆ ‘ಸತ್ತ ಕಡಲು’, ಅಂದರೆ ಅಲೆಯಿಲ್ಲದ ನೀರು. ಎಲ್ಲ ಚಿತ್ರಗಳಲ್ಲಿ ಕಾಣುವ, ಮರಳಿನ ನಾಲಿಗೆಯೊಂದು ಅಡ್ಡ ಬಂದು ಬಹುಪಾಲು ಮುಚ್ಚಿಕೊಂಡಿರುವ ಹಿನ್ನೀರಿಗೆ ಆ ಹೆಸರು ಸಲ್ಲುತ್ತದೆ. ಆದರೆ ಬಸ್ಸು ನಿಮ್ಮನ್ನು ಇಳಿಸುವುದು ಹಿನ್ನೀರಿನ ಪಕ್ಕದಲ್ಲಲ್ಲ, ಬಾಬಾದಾಗ್ ಬೆಟ್ಟದ ಬುಡದಲ್ಲಿ ತೆರೆದ ಕಡಲಿಗೆ ಮುಖ ಮಾಡಿರುವ ಬೆಲ್ಜೆಕಿಜ್ ತೀರದಲ್ಲಿ. ಹಿನ್ನೀರಿಗೆ ಹೋಗಬೇಕಾದರೆ ತೀರದ ಇನ್ನೊಂದು ತುದಿಯವರೆಗೆ ನಡೆದು, ಪ್ರಕೃತಿ ಉದ್ಯಾನದ ಬಾಗಿಲಲ್ಲಿ ಟಿಕೆಟ್ ಕೊಂಡು ಒಳಗೆ ಹೋಗಬೇಕು. ಎರಡೂ ಕಡೆ ಇರುವುದು ಒಂದೇ ನೀರಲ್ಲವೇ, ಅರ್ಧ ದಿನ ಕಳೆದುಹೋದ ಮೇಲೆ ಟಿಕೆಟ್ಟಿಗೆ ಏಕೆ ದುಡ್ಡು ಕೊಡಬೇಕು ಎಂದು ಲೆಕ್ಕ ಹಾಕಿ ನಾನು ಅಮ್ಮನನ್ನು ಅಲ್ಲಿಯೇ ನೀರಿಗೆ ಇಳಿಸಿದೆ.

ಒಂದೇ ನೀರಾಗಿರಲಿಲ್ಲ. ನಮ್ಮ ಮಲ್ಪೆಯಲ್ಲಿ ಮರಳು ಚಪ್ಪಟೆಯಾಗಿ ದೂರದವರೆಗೆ ಹಬ್ಬಿರುವುದರಿಂದ ಅಲೆ ಆಚೆಯೇ ಒಡೆದು, ಕಾಲಿನ ಬಳಿ ಬರುವಾಗ ಬರೀ ನೊರೆಯಾಗಿರುತ್ತದೆ. ಬೆಲ್ಜೆಕಿಜ್‌ನಲ್ಲಿ ದಡ ಕಡಿದಾಗಿ ಇಳಿಯುತ್ತದೆ. ನಾಲ್ಕೈದು ಹೆಜ್ಜೆಗೆ ನೀರು ಎದೆಮಟ್ಟಕ್ಕೆ ಬರುತ್ತದೆ. ಆದ್ದರಿಂದ ನೋಡಲು ಮೊಣಕಾಲೆತ್ತರದ ಅಲೆಯೂ ತನ್ನ ಬಲವನ್ನೆಲ್ಲ ಹೊತ್ತು ತಂದು ದಡದ ಅಂಚಿನಲ್ಲಿಯೇ ಒಡೆಯುತ್ತದೆ, ಮತ್ತು ಹಿಂದೆ ಸರಿಯುವಾಗ ಕಾಲಡಿಯ ನುಣುಪಾದ ಉರುಟು ಕಲ್ಲುಗಳನ್ನು ಗರಗರ ಸದ್ದಿನೊಂದಿಗೆ ಎಳೆದುಕೊಂಡು ಹೋಗುತ್ತದೆ. ಅಂದು ಮಧ್ಯಾಹ್ನದ ಗಾಳಿಯೂ ಎದ್ದಿತ್ತು. ಮೆಡಿಟರೇನಿಯನ್ನಿನಲ್ಲಿ ಉಬ್ಬರ-ಇಳಿತ ಬಹಳ ಕಡಿಮೆ ಇರುವುದರಿಂದ, ನೀರು ಇಳಿಯಲಿ, ಆಮೇಲೆ ಹೋಗೋಣ ಎಂದು ಕಾಯುವ ನಮ್ಮೂರಿನ ಉಪಾಯವೂ ಅಲ್ಲಿ ನಡೆಯುವುದಿಲ್ಲ.

ಅಮ್ಮ ಚೂಡಿದಾರವನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಎರಡು ಹೆಜ್ಜೆ ಇಟ್ಟಿದ್ದರು. ಅಲೆ ಹಿಂದೆ ಸರಿಯುವಾಗ ಕಲ್ಲು ಜಾರಿ, ನನ್ನ ಕೈಯಿಂದ ಅವರ ಒದ್ದೆ ಬೆರಳುಗಳು ತಪ್ಪಿದವು. ಮುಂದಿನ ಅಲೆ ಅವರನ್ನು ಪಕ್ಕಕ್ಕೆ ಕೆಡವಿತು. ಕೊಡೆ ಬಾಡಿಗೆಗೆ ಕೊಡುವ ಹುಡುಗ ಓಡಿ ಬಂದು ನನ್ನೊಂದಿಗೆ ಅವರನ್ನು ಎತ್ತಿ ಕೂರಿಸಿದ, ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ತಂದುಕೊಟ್ಟ, ದುಡ್ಡು ಕೊಡಲು ಹೋದರೆ ಎದೆಯ ಮೇಲೆ ಕೈಯಿಟ್ಟು ಬೇಡವೆಂದ. ಸಂಜೆಯೊಳಗೆ ಕಾಲಿನ ಮಣಿಗಂಟು ಬಾತುಕೊಂಡಿತ್ತು. ಮೂಳೆ ಮುರಿದಿರಲಿಲ್ಲ, ಆದರೆ ಮುಂದಿನ ಎರಡು ದಿನ ಅವರು ಕೋಣೆಯ ಕಿಟಕಿಯಿಂದಲೇ ಫೆತಿಯೆ ಕೊಲ್ಲಿಯನ್ನು ನೋಡಬೇಕಾಯಿತು. ಟಿಕೆಟ್ಟಿನ ದುಡ್ಡು ಉಳಿಸಿದ್ದಕ್ಕೆ ನಾನು ಕೊಟ್ಟ ಬೆಲೆ ಅದು, ಮತ್ತು ಅದನ್ನು ತೆತ್ತವರು ಅಮ್ಮ.

ಆದ್ದರಿಂದ ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ತಂದೆ-ತಾಯಿ ಯಾವ ನೀರಿನಲ್ಲಿ ಯಾರ ಕೈಯನ್ನೂ ಹಿಡಿಯದೆ ನಿಲ್ಲಬಲ್ಲರು ಎಂದು ಕೇಳಿಕೊಂಡರೆ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಚಿಟ್ಟೆ ಕಣಿವೆಗೆ ವಾಹನದ ರಸ್ತೆಯಿಲ್ಲ. ಫರಾಲ್ಯಾ ಊರಿನಿಂದ ಇಳಿಯುವ ಕಾಲುದಾರಿಯಲ್ಲಿ ಹಗ್ಗ ಹಿಡಿದು ಬಂಡೆ ಇಳಿಯಬೇಕಾದ ಜಾಗಗಳಿವೆ, ಮತ್ತು ದೋಣಿ ಹತ್ತಬೇಕಾದರೆ ನಾನು ಹೇಳಿದ ಅದೇ ಕಡಿದಾದ ದಡದಲ್ಲಿ ಹಲಗೆಯ ಮೇಲೆ ನಡೆಯಬೇಕು. ಹಿರಿಯರಿಗೆ ಅದು ಬೇಡ. ಪತಾರಾ ಸುಂದರವೇ ಹೌದು, ಆದರೆ ಫೆತಿಯೆಯಿಂದ ಸುಮಾರು 75 ಕಿ.ಮೀ. ದೂರ, ತೀರದಲ್ಲಿ ಮರಗಳ ನೆರಳಿಲ್ಲ.

ಮರುವರ್ಷ ಗೆಳೆಯರೊಂದಿಗೆ ಹೋದಾಗ ನಾನು ಇಜ್ತುಜುವನ್ನು ನೋಡಿದೆ, ಮತ್ತು ಅಮ್ಮನನ್ನು ಕರೆತರಬೇಕಾಗಿದ್ದುದು ಇಲ್ಲಿಗೆ ಎಂದು ಅಲ್ಲಿ ನಿಂತೇ ಅನ್ನಿಸಿತು. ದಲ್ಯಾನ್ ಊರಿನಿಂದ ದೋಣಿ ಜೊಂಡಿನ ನಡುವಿನ ಕಾಲುವೆಗಳಲ್ಲಿ ನಿಧಾನವಾಗಿ ಸಾಗುತ್ತದೆ, ಬಂಡೆಯ ಎತ್ತರದಲ್ಲಿ ಕೊರೆದ, ಪ್ರಾಚೀನ ನಗರ ಕೌನೋಸ್‌ನ ಗೋರಿಗಳು ಕುಳಿತಲ್ಲಿಂದಲೇ ಕಾಣುತ್ತವೆ. ಇಳಿದಾಗ ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಕಡಲು, ನಡುವೆ ಮೃದುವಾದ ಮರಳು. ನೀರು ನಮ್ಮೂರಿನ ಹಾಗೆ ನಿಧಾನವಾಗಿ ಆಳವಾಗುತ್ತದೆ. ಕಡಲಾಮೆಗಳು ಮೊಟ್ಟೆಯಿಡುವ ತೀರವಾದ್ದರಿಂದ ಬೇಸಿಗೆಯ ತಿಂಗಳುಗಳಲ್ಲಿ ರಾತ್ರಿ ಪ್ರವೇಶವಿಲ್ಲ. ಗೂಡುಗಳಿರುವ ಪಟ್ಟಿಯಲ್ಲಿ ಕೊಡೆ ನೆಡಬಾರದು.

ನಿಮ್ಮ ನಾಲ್ಕು ದಿನಗಳಲ್ಲಿ ಒಂದನ್ನು ಇಜ್ತುಜುವಿಗೆ, ಎರಡು ಬೆಳಗುಗಳನ್ನು ಓಲುದೆನಿಜ್ ಹಿನ್ನೀರಿಗೆ ಕೊಡಿ, ಉಳಿದುದನ್ನು ಖಾಲಿ ಬಿಡಿ. ಹಿನ್ನೀರಿಗೆ ಟಿಕೆಟ್ ಕೊಂಡೇ ಹೋಗಿ, ಬೆಳಿಗ್ಗೆಯೇ ಹೋಗಿ, ಮತ್ತು ನೀರಿನಲ್ಲಿ ಹಾಕಿಕೊಳ್ಳುವ ರಬ್ಬರ್ ಅಟ್ಟೆಯ ಬೂಟುಗಳನ್ನು ಫೆತಿಯೆಯ ಅಂಗಡಿಯಲ್ಲಿಯೇ ಕೊಂಡುಬಿಡಿ. ನಾಲ್ಕನೆಯ ದಿನ ನಾನು ಅಮ್ಮನನ್ನು ಟ್ಯಾಕ್ಸಿಯಲ್ಲಿ ಅಲ್ಲಿಗೆ ಕರೆದೊಯ್ದಾಗ ಅವರು ಪಟ್ಟಿ ಕಟ್ಟಿದ ಕಾಲನ್ನು ಚಾಚಿಕೊಂಡು ಸೊಂಟಮಟ್ಟದ ನೀರಿನಲ್ಲಿ ಒಂದೂವರೆ ಗಂಟೆ ಕುಳಿತಿದ್ದರು, ಮೇಲೇಳಲು ಒಪ್ಪಲಿಲ್ಲ.