ಗೆಳೆಯನ ಕೆಲಸ ಮಗ ಮಾಡಲಾರ

(ಸಾಗರದಿಂದ ಬಂದು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿರುವ 71 ವರ್ಷದ ನಿವೃತ್ತ ಗಣಿತ ಮೇಷ್ಟ್ರು ಬರೆದ ಪತ್ರದ ಸಾರ: "ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದೆ. ಮಗ, ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಹೊತ್ತು ಹೊತ್ತಿಗೆ ಊಟ, ಮಾತ್ರೆ ಎಲ್ಲ ಆಗುತ್ತದೆ. ಆದರೂ ಮನಸ್ಸಿಗೆ ಬೇಸರ. ನನ್ನನ್ನು 'ಏನೋ' ಅಂತ ಕರೆಯುವವರು ಇಲ್ಲಿ ಒಬ್ಬರೂ ಇಲ್ಲ. ಕಿವಿ ಬೇರೆ ಸ್ವಲ್ಪ ಮಂದ. ಈ ವಯಸ್ಸಿನಲ್ಲಿ ಗೆಳೆಯರು ಬೇಕು ಅನ್ನುವುದು ಮಕ್ಕಳಿಗೆ ಮಾಡುವ ಅನ್ಯಾಯವೇ?")

ಮೇಷ್ಟ್ರೇ, ನಮಸ್ಕಾರ.

ಖಂಡಿತ ಅನ್ಯಾಯವಲ್ಲ. ನಿಮ್ಮ ಸೊಸೆ ಮಾಡುತ್ತಿರುವುದು ದೊಡ್ಡ ಕೆಲಸ. ಆದರೆ ಅವರು ನಿಮ್ಮನ್ನು ಕಂಡಿದ್ದೇ ಮಾವನಾಗಿ. ನಿಮ್ಮ ಮಗ ಕಣ್ಣು ಬಿಟ್ಟಾಗಲೇ ನೀವು ಅಪ್ಪ. ಹೈಸ್ಕೂಲಿನಲ್ಲಿ ಪಕ್ಕ ಕೂತವನು, ಸ್ಟಾಫ್ ರೂಮಿನಲ್ಲಿ ಜಗಳ ಆಡಿದವನು, ಮೊದಲ ಸಂಬಳದ ದಿನ ಜೊತೆಗಿದ್ದವನು ಕಂಡ ಮನುಷ್ಯನೇ ಬೇರೆ. ಅವನ ಮುಂದೆ ನೀವು ಹಿರಿಯರಾಗಿ ಇರಬೇಕಿಲ್ಲ. ಮಕ್ಕಳ ಮುಂದೆ "ಮೊಣಕಾಲು ನೋವು" ಅಂದರೆ ಅವರು ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತಾರೆ. ಗೆಳೆಯನಾದರೆ "ನಂಗೂ ಅಷ್ಟೇ ಕಣೋ" ಅಂತಾನೆ. ಎರಡೂ ಬೇಕು ಅಲ್ವಾ? ಒಂದನ್ನು ಕೇಳಿದರೆ ಇನ್ನೊಂದನ್ನು ಹಳಿದಂತೆ ಆಗುವುದಿಲ್ಲ.

ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಲ್ಲಿ ಒಂದು ಅಧ್ಯಯನ ಶುರುವಾಯಿತು. ಕಾಲೇಜು ಹುಡುಗರು ಮತ್ತು ಬೋಸ್ಟನ್ನಿನ ಬಡ ಬಡಾವಣೆಗಳ ಹುಡುಗರು ಸೇರಿ 724 ಜನರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದರು. ಅದರ ಈಗಿನ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಹೇಳುವುದು ಇಷ್ಟು: 80ರಲ್ಲಿ ಯಾರು ಗಟ್ಟಿಯಾಗಿರುತ್ತಾರೆ ಎಂಬುದನ್ನು 50ರಲ್ಲಿ ಅವರಿಗಿದ್ದ ಕೊಲೆಸ್ಟ್ರಾಲ್‌ಗಿಂತ, ತಮ್ಮವರ ಜೊತೆ ಅವರು ಎಷ್ಟು ತೃಪ್ತಿಯಿಂದ ಇದ್ದರು ಎಂಬುದೇ ಚೆನ್ನಾಗಿ ಹೇಳಿತು. ಕೊಲೆಸ್ಟ್ರಾಲ್‌ಗೆ ನಾವು ವರ್ಷಕ್ಕೊಮ್ಮೆ ರಕ್ತ ಕೊಟ್ಟು ಪರೀಕ್ಷೆ ಮಾಡಿಸುತ್ತೇವೆ. "ಅಪ್ಪಾ, ಈ ತಿಂಗಳು ಯಾವ ಗೆಳೆಯರ ಜೊತೆ ಮಾತಾಡಿದ್ರಿ?" ಅಂತ ಕೇಳುವ ಮಕ್ಕಳು ಕಡಿಮೆ. ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಈ ಪುಟ ಓದುವ ಮಕ್ಕಳಿಗೂ ಈ ಮಾತು.

ಹಾಗಂತ ಬಳಗ ದೊಡ್ಡದಿರಬೇಕು ಅಂತೇನಿಲ್ಲ. ವಯಸ್ಸಾದಂತೆ ಜನ ತಾವಾಗಿಯೇ ಬಳಗವನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ, ಮನಸ್ಸಿಗೆ ಹತ್ತಿರದವರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ ಎಂದು ಸ್ಟ್ಯಾನ್‌ಫರ್ಡ್‌ನ ಲಾರಾ ಕಾರ್ಸ್ಟೆನ್‌ಸೆನ್ ತೋರಿಸಿದ್ದಾರೆ. ಅದರಿಂದ ಅವರು ಕುಗ್ಗುವುದಿಲ್ಲ. ನಿಮ್ಮ ಕಷ್ಟ ಬೇರೆ. ಉಳಿಸಿಕೊಂಡಿದ್ದ ಆ ಕೆಲವರೇ ಈಗ ಕೈಗೆ ಸಿಗುತ್ತಿಲ್ಲ. ನಮ್ಮಲ್ಲಿ ಗಂಡಸರಿಗೆ ಇದು ಜಾಸ್ತಿ. ನೆಂಟರಿಗೆ ಫೋನ್ ಮಾಡುವುದು, ಮದುವೆ ಮುಂಜಿ ನೆನಪಿಡುವುದು, ಪಕ್ಕದ ಮನೆಯವರನ್ನು ಮಾತಾಡಿಸುವುದು ಎಲ್ಲ ಹೆಂಡತಿಯ ಪಾಲು. ಅವರು ಹೋದಾಗ ಆ ನಂಟುಗಳೂ ಸಡಿಲವಾಗುತ್ತವೆ.

ಪಾರ್ಕಿನಲ್ಲಿ ಎಂಟು ತಿಂಗಳಿಂದ ದಿನಾ ಎದುರಾಗುವ ಒಬ್ಬರ ಬಗ್ಗೆಯೂ ಬರೆದಿದ್ದೀರಿ. ನಮಸ್ಕಾರ ಅಂದರೆ ನಮಸ್ಕಾರ, ಹೆಸರು ಮಾತ್ರ ಗೊತ್ತಿಲ್ಲ. ನಾಳೆ ಹೆಸರು ಕೇಳಿ. ನಾಡಿದ್ದು ವಾಕಿಂಗ್ ಮುಗಿಸಿ ಹತ್ತಿರದ ದರ್ಶಿನಿಯಲ್ಲಿ ಬೈಟು ಕಾಫಿ ಕುಡಿಯೋಣ ಅನ್ನಿ. ಯಾರೂ ನಗುವುದಿಲ್ಲ. ಅವರೂ ಬಹುಶಃ ನಿಮ್ಮ ಹಾಗೆಯೇ ಕಾಯುತ್ತಿರಬಹುದು.

ನೀವು ಲೆಕ್ಕದ ಮೇಷ್ಟ್ರು, ಒಂದು ಲೆಕ್ಕ ಕೊಡುತ್ತೇನೆ. ಹೊಸ ಊರಿಗೆ ಬಂದವರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ವಿಚಾರಿಸಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ್ದು ಇದು. ಬರೀ ಪರಿಚಯ ಹೋಗಿ ಸ್ನೇಹ ಚಿಗುರಲು ಸುಮಾರು 50 ಗಂಟೆಯ ಒಡನಾಟ ಬೇಕು. ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು. ದಿನಕ್ಕೆ ಒಂದು ಗಂಟೆ ಕೂತು ಮಾತಾಡಿದರೆ ಏಳು ತಿಂಗಳು. ಹಾಗಾಗಿ ಮೊದಲ ವಾರವೇ "ಇವರು ಬರೀ ಬಿಪಿ, ರಾಜಕೀಯ ಮಾತಾಡ್ತಾರೆ" ಅಂತ ಎದ್ದು ಬರಬೇಡಿ. ಮನಸ್ಸಿನ ಮಾತು ಬಾಯಿಗೆ ಬರುವುದು ನಿಧಾನ. ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಹೂವುಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಅದಕ್ಕೂ ಮೊದಲು ಕಿವಿ. ಇದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಇಡೀ ಪತ್ರದಲ್ಲಿ ತುಂಬಾ ಚಿಂತೆ ಹುಟ್ಟಿಸಿದ್ದು ಅದೇ. ಕಿವಿ ಮಂದವಾದವರು ನಾಲ್ಕು ಜನ ಇದ್ದ ಕಡೆ ಮಾತು ಹಿಡಿಯಲಾಗದೆ ಸುಮ್ನೆ ತಲೆಯಾಡಿಸುತ್ತಾರೆ. ಆಮೇಲೆ ಹೋಗುವುದನ್ನೇ ಬಿಡುತ್ತಾರೆ. ಮನೆಯವರು "ಅಪ್ಪನಿಗೆ ಜನ ಬೇಡ" ಅಂದುಕೊಳ್ಳುತ್ತಾರೆ. ಪರೀಕ್ಷೆ ಮಾಡಿಸಿ. ಬೆಂಗಳೂರಿನಲ್ಲೇ ಅನುಕೂಲಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಯಂತ್ರ ಬೇಕು ಅಂದರೆ ನಾಚಿಕೆ ಬೇಡ, ಕನ್ನಡಕ ಹಾಕಿಕೊಂಡಿಲ್ಲವೇ?

ಊರಿನ ಗೆಳೆಯರು ಇಬ್ಬರು ಇದ್ದಾರೆ, ಮಾರಿಕಾಂಬಾ ಜಾತ್ರೆಗೆ ಹೋದಾಗ ಸಿಗುತ್ತಾರೆ ಅಂದಿರಿ. ಆ ಜಾತ್ರೆ ಮೂರು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಕಾಯಬೇಡಿ. 60 ದಾಟಿದವರಿಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಶೇ 25 ರಿಯಾಯಿತಿ ಇದೆ. ರೈಲೇ ಹಿತ ಅನಿಸಿದರೆ ರಾತ್ರಿ ತಾಳಗುಪ್ಪ ರೈಲು ಹತ್ತಿ. ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣಕ್ಕೆ ಬರಲು ಅವರಿಗೆ ಮೊದಲೇ ಫೋನ್ ಮಾಡಿ. ಲೋವರ್ ಬರ್ತ್ ಟಿಕೆಟ್ ಮಾಡಿಸಿಕೊಡಲು ಮಗನಿಗೆ ಹೇಳಿ. ಯಾಕೆ ಹೋಗುತ್ತಿದ್ದೀರಿ ಅಂತ ಕೇಳಿದರೆ ಇದ್ದದ್ದನ್ನೇ ಹೇಳಿ. ಒಂದು ವಾರವಾದರೂ ಇದ್ದು ಬನ್ನಿ.

— ಸಂಪಾದಕ